'ಫುಟ್‌ಬಾಲ್ ಫ್ಯಾನ್ ಕಿಟ್' ಅಂತ ನೀವು ಮಾರಿದ ಫ್ಲೇರ್ ಬಗ್ಗೆ ದೂರು

ಗ್ರಾಹಕರ ದೂರು ವಿಭಾಗದ ಅಧಿಕಾರಿಯವರಿಗೆ,

ವಿಷಯ: ನಿಮ್ಮ ಆ್ಯಪ್‌ನಲ್ಲಿ ಆಟಿಕೆಯ ಹಾಗೆ ಮಾರಾಟವಾದ ಫ್ಲೇರ್‌ನಿಂದ (ಹಚ್ಚಿದರೆ ಪ್ರಖರ ಬೆಳಕು, ಹೊಗೆ ಬಿಟ್ಟು ಉರಿಯುವ ಮದ್ದಿನ ಕಡ್ಡಿ) ನಮ್ಮೂರಿನ ಗ್ಯಾಲರಿಯಲ್ಲಿ ಹುಡುಗನೊಬ್ಬನಿಗೆ ಆದ ಸುಟ್ಟಗಾಯ, ಮತ್ತು ಅದಕ್ಕೆ ನಿಮ್ಮವರು ಕೊಟ್ಟ ಉತ್ತರ.

ನಮಸ್ಕಾರ.

ನಾನು ಕೊಡಗಿನ ಸಿದ್ದಾಪುರದ ಹತ್ತಿರದ ಹಳ್ಳಿಯವನು. ನಮ್ಮ ಯುವಕ ಸಂಘ ಬೇಸಿಗೆಯಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲ್ ಟೂರ್ನಿ ನಡೆಸುತ್ತದೆ. ಕೊಡಗು ಅಂದರೆ ಹಾಕಿ ಅಂತ ಹೊರಗಿನವರಿಗೆ ಗೊತ್ತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಸೇರಿ ಹಾಕಿ ಆಡಿದ ಜಿಲ್ಲೆ ಇದು. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆ ಬಂದು ನೋಡಿ. ತೋಟದ ಲೈನ್‌ಮನೆಗಳಿಂದ, ಅಂಗಡಿ ಬೀದಿಯಿಂದ, ಕೇರಳದ ಗಡಿಯಾಚೆಯಿಂದ ಕೂಡ ಜನ ಫುಟ್‌ಬಾಲ್ ನೋಡೋಕೆ ಬರುತ್ತಾರೆ. ಕಾಫಿ ಕುಯ್ಲು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡೂ ಬಿಡುವೂ ಇರುವ ಹೊತ್ತು ಅದು. ಹೆಂಗಸರು, ಮಕ್ಕಳು, ವಯಸ್ಸಾದವರು ಎಲ್ಲ ಒಂದೇ ಗ್ಯಾಲರಿಯಲ್ಲಿ ಒತ್ತಿಕೊಂಡು ಕೂರುತ್ತಾರೆ.

ಆ ಗ್ಯಾಲರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಾಗಬೇಕು. ಅಡಿಕೆ ಮರ, ಬಿದಿರು, ಹಲಗೆ, ಹಗ್ಗ. ಬಿಸಿಲಿಗೆ ಮೇಲೊಂದು ಟಾರ್ಪಾಲು. ಕೆಳಗೆ ಒಣಗಿದ ಹುಲ್ಲು, ಪಕ್ಕದ ತೋಟದಿಂದ ಹಾರಿ ಬಂದ ತರಗೆಲೆ, ಜನ ತಿಂದು ಎಸೆದ ಪೇಪರು. ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗೆ ಇಲ್ಲಿ ತೋಟದ ಅಂಚಿನಲ್ಲಿ ಬೀಡಿ ಎಸೆದವನಿಗೂ ಬೈಗುಳ ಗ್ಯಾರಂಟಿ.

ಈ ಸಲದ ಟೂರ್ನಿಯಲ್ಲಿ, ಸೆಮಿಫೈನಲ್ ದಿನ, ಗೋಲ್ ಬಿದ್ದ ಕೂಡಲೇ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಮೂವರು ಹುಡುಗರು ಕೆಂಪು ಫ್ಲೇರ್ ಹಚ್ಚಿದರು. ಪಟಾಕಿ ತರಬಾರದು ಅಂತ ಮೈಕಿನಲ್ಲಿ ಹೇಳಿದ್ದೆವು, ಬೋರ್ಡೂ ಹಾಕಿದ್ದೆವು, ಗೇಟಿನಲ್ಲಿ ಚೀಲ ನೋಡಿಯೇ ಒಳಗೆ ಬಿಟ್ಟಿದ್ದೆವು. ಆದರೆ ನಿಮ್ಮ ಡಬ್ಬಿಯ ಮೇಲೆ ಬಾವುಟ, ಚೆಂಡು, ನಗುತ್ತಿರುವ ಮಕ್ಕಳ ಚಿತ್ರ. 'ಕೂಲ್ ಸ್ಮೋಕ್' ಅಂತ ದಪ್ಪ ಅಕ್ಷರ. ನೋಡಿದವರಿಗೆ ಹೋಳಿ ಬಣ್ಣದ ಪೊಟ್ಟಣದ ಹಾಗೆ ಕಾಣುತ್ತದೆ.

ಫ್ಲೇರ್ ಉರಿಯುವಾಗ ಬರೀ ಬೆಳಕು, ಹೊಗೆ ಮಾತ್ರ ಬರುವುದಿಲ್ಲ. ಕರಗಿದ ಕಿಟ್ಟ ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಕೆಳಗಿನ ಸಾಲಿನಲ್ಲಿ ಕೂತಿದ್ದ ಎಂಟನೇ ಕ್ಲಾಸಿನ ಹುಡುಗನ ತೋಳಿನ ಮೇಲೆ ಅದು ಬಿತ್ತು. ಅವನು ಹಾಕಿದ್ದು ಪಾಲಿಯೆಸ್ಟರ್ ಜೆರ್ಸಿ. ಪಾಲಿಯೆಸ್ಟರ್ ಬಟ್ಟೆ ಹತ್ತಿಯ ಹಾಗೆ ಉರಿದು ಬೂದಿಯಾಗುವುದಿಲ್ಲ, ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅವನ ಅಮ್ಮ ಪಕ್ಕದಲ್ಲೇ ಇದ್ದರು. ಬಟ್ಟೆ ಎಳೆಯಬೇಡಿ ಅಂತ ಯಾರೋ ಕೂಗಿದ್ದು ಒಳ್ಳೆಯದಾಯಿತು. ಇನ್ನೊಂದು ಹನಿ ಹಲಗೆಗಳ ಸಂದಿಯಿಂದ ಕೆಳಗೆ ಇಳಿದು ತರಗೆಲೆಗೆ ಹತ್ತಿಕೊಂಡಿತು. ಆಟ ನಿಲ್ಲಿಸಿ ಎರಡೂ ತಂಡದ ಆಟಗಾರರೇ ಮಣ್ಣು, ಮರಳು ಎರಚಿ ಆರಿಸಿದರು. ಉರಿಯುತ್ತಿದ್ದ ಕಡ್ಡಿಯ ಮೇಲೆ ಒಬ್ಬರು ಕೊಡ ನೀರು ಸುರಿದರು. ಅದು ಆರಲೇ ಇಲ್ಲ. ಯಾಕೆಂದರೆ ಉರಿಯೋಕೆ ಬೇಕಾದ ಆಮ್ಲಜನಕ ಕೊಡುವ ರಾಸಾಯನಿಕ ಆ ಮದ್ದಿನೊಳಗೇ ಇರುತ್ತದೆ. ಇದನ್ನು ನಿಮ್ಮ ಡಬ್ಬಿಯ ಮೇಲೆ ಎಲ್ಲಾದರೂ ಬರೆದಿದ್ದೀರಾ?

ಹುಡುಗನನ್ನು ಮೊದಲು ಸಿದ್ದಾಪುರಕ್ಕೆ, ಅಲ್ಲಿಂದ ಮಡಿಕೇರಿಗೆ ಕರೆದುಕೊಂಡು ಹೋದೆವು. ಈಗ ಮನೆಯಲ್ಲಿದ್ದಾನೆ, ಡ್ರೆಸ್ಸಿಂಗ್ ನಡೆಯುತ್ತಿದೆ. ತಂದೆ ತಾಯಿ ಇಬ್ಬರೂ ತೋಟದ ಕೆಲಸದವರು. ಆಸ್ಪತ್ರೆಗೆ ಹೋದ ದಿನದ ಕೂಲಿ ಇಲ್ಲ.

ಫ್ಲೇರ್ ತಂದ ಹುಡುಗರನ್ನು ಕೂರಿಸಿ ಕೇಳಿದೆವು. ನಿಮ್ಮ ಆ್ಯಪ್‌ನಲ್ಲಿ 'ಫುಟ್‌ಬಾಲ್ ಫ್ಯಾನ್ ಕಿಟ್' ಅಂತ ಹುಡುಕಿದಾಗ ಸಿಕ್ಕಿದ್ದಂತೆ. ಜೆರ್ಸಿ, ಪೀಪಿ, ಸ್ಕಾರ್ಫ್, ಅದರ ಕೆಳಗೆ ಇದು. ವಯಸ್ಸು ಕೇಳಲಿಲ್ಲ, ಯಾವ ಎಚ್ಚರಿಕೆಯೂ ಬರಲಿಲ್ಲ, ದುಡ್ಡು ಕಟ್ಟಿದರು, ಮನೆ ಬಾಗಿಲಿಗೆ ಬಂತು. ಅವರಲ್ಲಿ ಒಬ್ಬನಿಗೆ ಇನ್ನೂ ಹದಿನೆಂಟು ತುಂಬಿಲ್ಲ. ತಪ್ಪು ಅವರದೂ ಇದೆ, ಅದಕ್ಕೆ ಸಂಘ ಕ್ರಮ ತೆಗೆದುಕೊಂಡಿದೆ, ಅವರ ಮನೆಯವರು ಹುಡುಗನ ಮನೆಗೆ ಹೋಗಿ ಮಾತಾಡಿ ಖರ್ಚಿನಲ್ಲಿ ಪಾಲು ಕೊಟ್ಟಿದ್ದಾರೆ. ಇದರಲ್ಲಿ ಏನೂ ಆಗದ ಹಾಗೆ ಇರುವವರು ನೀವೊಬ್ಬರೇ.

ಈಗ ನಿಮ್ಮ ಕಸ್ಟಮರ್ ಕೇರ್ ವಿಷಯ. ಮೊದಲು ಚಾಟ್‌ನಲ್ಲಿ ಸಿಕ್ಕವರು ರಿಟರ್ನ್ ಅವಧಿ ಮುಗಿದಿದೆ ಅಂದರು. ನಾನು ರಿಟರ್ನ್ ಕೇಳಿರಲಿಲ್ಲ. ಮಗುವಿಗೆ ಸುಟ್ಟಿದೆ ಅಂತ ಬರೆದೆ, ಫೋಟೊ ಕಳಿಸಿದೆ. ಆಮೇಲೆ ಇನ್ನೊಬ್ಬರು ಬಂದು, ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ಖಾತೆಗೆ ನೂರು ರೂಪಾಯಿ ಕೂಪನ್ ಹಾಕಿದ್ದೇವೆ, ಉಳಿದ ಪೀಸ್‌ಗಳನ್ನು ಪ್ಯಾಕ್ ಮಾಡಿ ಕೊರಿಯರ್ ಹುಡುಗನ ಕೈಗೆ ಕೊಡಿ ಅಂದರು. ಇದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೊರಿಯರ್ ಹುಡುಗ ನಮ್ಮ ಪಕ್ಕದ ಊರಿನವನು. ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬಿಸಿಲಲ್ಲಿ ಇಡೀ ದಿನ ಸುತ್ತುತ್ತಾನೆ. ಅವನ ಚೀಲದಲ್ಲಿ ಏನಿದೆ ಅಂತ ಬರುವಾಗಲೂ ಅವನಿಗೆ ಹೇಳಲಿಲ್ಲ, ಹೋಗುವಾಗಲೂ ಹೇಳುವ ಯೋಚನೆ ನಿಮಗಿಲ್ಲ ಅಲ್ವಾ? ನಾವು ಕೊಟ್ಟಿಲ್ಲ. ಕೊಡುವುದೂ ಇಲ್ಲ.

ನೀವು ಮಾರಿದ ವಸ್ತು ಏನು ಅಂತ ನಾನೇ ಹೇಳುತ್ತೇನೆ, ಯಾಕೆಂದರೆ ಮಾರುವವರಿಗೇ ಅದು ಗೊತ್ತಿರುವ ಹಾಗೆ ಕಾಣುತ್ತಿಲ್ಲ. ಇಂಥ ಫ್ಲೇರ್ ಹುಟ್ಟಿದ್ದು ಕಡಲಿನಲ್ಲಿ ಅಪಾಯಕ್ಕೆ ಸಿಕ್ಕಿದವರು ದೂರದ ಹಡಗಿಗೆ ಕಾಣಲಿ ಅಂತ. ಮ್ಯಾಗ್ನೀಶಿಯಂನಿಂದ ಅಷ್ಟು ಪ್ರಖರ ಬೆಳಕು, ಸ್ಟ್ರಾನ್ಷಿಯಂ ಲವಣದಿಂದ ಕೆಂಪು ಬಣ್ಣ. ಬಿಸಿ 1600 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ತಾಮ್ರ ಕರಗೋದು 1085 ಡಿಗ್ರಿಗೆ. ದೋಣಿಯಲ್ಲಿ ಇದನ್ನು ಹಚ್ಚುವವರು ಗಾಳಿ ಹೋಗುವ ದಿಕ್ಕಿಗೆ, ದೋಣಿಯ ಅಂಚಿನಿಂದ ಹೊರಗೆ ಕೈ ಚಾಚಿ ಹಿಡಿಯಬೇಕು. ಕಿಟ್ಟ ನೀರಿಗೆ ಬೀಳಲಿ ಅಂತ. ಗ್ಯಾಲರಿಯಲ್ಲಿ ಕೈ ಚಾಚಿದರೆ ಕೆಳಗೆ ಇರುವುದು ಕಡಲಲ್ಲ, ಜನ.

ಇದು ನಮ್ಮೂರಿನಲ್ಲಿ ಮೊದಲ ಸಲ ಆಗಿರಬಹುದು, ಫುಟ್‌ಬಾಲ್‌ಗೆ ಹೊಸದಲ್ಲ. 1993ರ ನವೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ರೊಮೇನಿಯ ನಡುವೆ ವಿಶ್ವಕಪ್ ಅರ್ಹತಾ ಪಂದ್ಯ. ಹಡಗಿನ ರಾಕೆಟ್ ಫ್ಲೇರ್ ಮೈದಾನ ದಾಟಿ ಬಂದು ಎದುರಿನ ಗ್ಯಾಲರಿಯಲ್ಲಿದ್ದ 67 ವರ್ಷದ ಪ್ರೇಕ್ಷಕನ ಜೀವ ತೆಗೆಯಿತು. 2013ರಲ್ಲಿ ಬೊಲಿವಿಯಾದ ಒರುರೊದಲ್ಲಿ 14 ವರ್ಷದ ಹುಡುಗ ಹಾಗೇ ಸತ್ತ. 2005ರಲ್ಲಿ ಮಿಲಾನ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್ ನಡೆಯುವಾಗ ಗೋಲ್‌ಕೀಪರ್ ಡೀಡಾ ಅವರ ಭುಜಕ್ಕೆ ಫ್ಲೇರ್ ಬಡಿದು ಪಂದ್ಯವೇ ಅರ್ಧಕ್ಕೆ ನಿಂತಿತು. ಅಷ್ಟು ದೂರ ಯಾಕೆ, 2025ರ ಫೆಬ್ರುವರಿಯಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡ್ ಹತ್ತಿರ, ನಮ್ಮ ಹಾಗೆಯೇ ಸೆವೆನ್ಸ್ ಟೂರ್ನಿಯಲ್ಲಿ, ಪಂದ್ಯಕ್ಕೆ ಮುಂಚೆ ಹಚ್ಚಿದ ಪಟಾಕಿ ಜನರ ಕಡೆ ನುಗ್ಗಿ 30ಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಆ ವೀಡಿಯೊ ನಮ್ಮ ಕಡೆಯ ಎಲ್ಲ ಫೋನಿನಲ್ಲೂ ಓಡಾಡಿತ್ತು. ಇನ್ನು ಮರದ ಗ್ಯಾಲರಿ, ಅದರ ಕೆಳಗಿನ ಕಸ ಎಷ್ಟು ಅಪಾಯ ಅಂತ 1985ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ತೋರಿಸಿದೆ. ಅಲ್ಲಿ ಫ್ಲೇರ್ ಕೂಡ ಇರಲಿಲ್ಲ. ಹಲಗೆ ಸಂದಿಯ ಕೆಳಗೆ ಬಿದ್ದ ಸಣ್ಣ ಕಿಡಿ, ಕೆಲವೇ ನಿಮಿಷದಲ್ಲಿ ಇಡೀ ಸ್ಟ್ಯಾಂಡ್ ಹೋಯಿತು, 56 ಜನ ತೀರಿಕೊಂಡರು. ನಮ್ಮ ಗ್ಯಾಲರಿಯ ಕೆಳಗೆ ಹತ್ತಿಕೊಂಡಿದ್ದ ಆ ತರಗೆಲೆಯನ್ನು ಯಾರೂ ನೋಡದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಆಗುವುದಿಲ್ಲ.

ನಮ್ಮ ಹುಡುಗರ ಮಾತನ್ನೂ ಇಲ್ಲಿ ಹೇಳಬೇಕು. ಸಂಘದ ಮೀಟಿಂಗ್‌ನಲ್ಲಿ ಜೋರು ಚರ್ಚೆ ಆಯಿತು. ಫ್ಲೇರ್ ಇಲ್ಲದ ಗ್ಯಾಲರಿ ಅಂದರೆ ವಾಲಗ ಇಲ್ಲದ ಮದುವೆ ಅಂದ ಒಬ್ಬ. ಇಟಲಿ, ಜರ್ಮನಿ, ಟರ್ಕಿಯ ಅಭಿಮಾನಿಗಳ ವೀಡಿಯೊ ತೋರಿಸಿದರು. ನಾನೂ ಫುಟ್‌ಬಾಲ್ ಹುಚ್ಚಿನವನೇ, ಕೆಂಪು ಹೊಗೆಯ ನಡುವೆ ಸಾವಿರಾರು ಜನ ಒಂದೇ ದನಿಯಲ್ಲಿ ಹಾಡುವುದು ನೋಡಿದರೆ ನನಗೂ ರೋಮಾಂಚನ ಆಗುತ್ತದೆ. ಪೂರ್ತಿ ನಿಷೇಧ ಮಾಡಿದರೆ ಕದ್ದು ತರುತ್ತಾರೆ, ಕದ್ದು ತಂದವರು ಸಿಕ್ಕಿಬೀಳುವ ಭಯಕ್ಕೆ ಗುಂಪಿನ ಮಧ್ಯದಲ್ಲೇ ಹಚ್ಚಿ ಕಾಲಡಿ ಬಿಸಾಡುತ್ತಾರೆ, ಅದರ ಬದಲು ಒಂದು ಜಾಗ ಗುರುತು ಮಾಡಿ ಕೊಡಿ ಅನ್ನುವ ವಾದವೂ ಇದೆ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಜರ್ಮನಿಯ ಹ್ಯಾಂಬರ್ಗ್ ಕ್ಲಬ್ 2020ರ ಫೆಬ್ರುವರಿಯಲ್ಲಿ ಅನುಮತಿ ಪಡೆದೇ ಪಂದ್ಯಕ್ಕೆ ಮುಂಚೆ ಹೊಗೆ ಹಚ್ಚಿಸಿತು. ಡೆನ್ಮಾರ್ಕ್‌ನಲ್ಲಿ ಕಡಿಮೆ ಬಿಸಿಯ ಫ್ಲೇರ್ ಮಾಡುವ ಪ್ರಯತ್ನ ನಡೆದಿದೆ. ಇನ್ನೊಂದು ಕಡೆ ಇಂಗ್ಲೆಂಡಿನಲ್ಲಿ ದೊಡ್ಡ ಪಂದ್ಯಕ್ಕೆ ಫ್ಲೇರ್ ಇಟ್ಟುಕೊಂಡು ಒಳಗೆ ಹೋಗುವುದೇ ಅಪರಾಧ, ಹಚ್ಚಬೇಕಂತಲೂ ಇಲ್ಲ. ಯಾವುದು ಸರಿ ಅಂತ ಅಭಿಮಾನಿಗಳು, ಕ್ಲಬ್‌ಗಳು, ಪೊಲೀಸರು, ಅಗ್ನಿಶಾಮಕ ದಳದವರು ಕೂತು ಜಗಳ ಆಡಲಿ. ನನ್ನ ಅಭಿಪ್ರಾಯ ಕೇಳಿದರೆ, ಜನ ಕೂತಿರುವ ಗ್ಯಾಲರಿಯೊಳಗೆ ಬೇಡವೇ ಬೇಡ.

ಆದರೆ ಒಂದು ಗಮನಿಸಿ. ಒಪ್ಪಿಗೆ ಕೊಟ್ಟ ಕಡೆಯಲ್ಲೂ ಯಾರು ಹಚ್ಚುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಪಕ್ಕದಲ್ಲಿ ಬೆಂಕಿ ಆರಿಸೋಕೆ ಏನಿದೆ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಎರಡೂ ಪಕ್ಷದವರು ಒಪ್ಪುವ ವಿಷಯ ಅಂದರೆ ಇದು ಬೆಂಕಿ, ಆಟಿಕೆ ಅಲ್ಲ ಅನ್ನುವುದು. ನೀವು ಮಾತ್ರ ಅದನ್ನು ಪೀಪಿಯ ಪಕ್ಕದಲ್ಲಿಟ್ಟು ಮಾರಿದಿರಿ.

ಕೊಡಗಿನವರಿಗೆ ಮದ್ದುಗುಂಡಿನ ಭಯ ಜಾಸ್ತಿ, ಅದಕ್ಕೇ ಈ ಗಲಾಟೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇದು ಕೋವಿಗೆ ಪೂಜೆ ಮಾಡುವ ನಾಡು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಅಲ್ಲಿ ಹೊಡೆಯುವವನ ಮುಂದೆ ಯಾರೂ ಸುಳಿಯುವುದಿಲ್ಲ, ದೊಡ್ಡವರು ಪಕ್ಕದಲ್ಲೇ ನಿಂತಿರುತ್ತಾರೆ. ತೋಟಕ್ಕೆ ಆನೆ ಬಂದಾಗ ಪಟಾಕಿ ಸಿಡಿಸುವುದೂ ನಮಗೆ ಹೊಸದಲ್ಲ. ಬೆಂಕಿಯನ್ನು ಯಾರ ಕೈಗೆ ಯಾವಾಗ ಕೊಡಬೇಕು ಅಂತ ಇಲ್ಲಿನ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಬಾವುಟದ ಚಿತ್ರ ಹಾಕಿ ಬಂದ ಬೆಂಕಿಯ ಬಗ್ಗೆ ಯಾರು ಹೇಳಿಕೊಡಬೇಕಿತ್ತು?

ಕಾನೂನಿನ ಮಾತೂ ಇದೆ. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್‌ನಲ್ಲಿ ಪಟಾಕಿ ಮಾರಬಾರದು ಅಂತ ಇ-ಕಾಮರ್ಸ್ ಕಂಪನಿಗಳಿಗೆ ಹೇಳಿದೆ. ನಮ್ಮೂರಲ್ಲಿ ದೀಪಾವಳಿಗೆ ನಾಲ್ಕು ದಿನ ಪಟಾಕಿ ಅಂಗಡಿ ಇಡುವವರು ಕೂಡ ಲೈಸೆನ್ಸ್‌ಗೆ ಅಲೆಯುತ್ತಾರೆ, ಪೇಟೆಯಿಂದ ದೂರ ಮೈದಾನದಲ್ಲಿ ಅಂಗಡಿ ಹಾಕುತ್ತಾರೆ. ಇದು ಪಟಾಕಿ ಅಲ್ಲ, ಬರೀ ಹೊಗೆ ಅಂತ ನಿಮ್ಮ ವಕೀಲರು ಹೇಳಬಹುದು. ಹಾಗಿದ್ದರೆ ಒಳಗಿರುವ ಮದ್ದು ಏನು, ಅದನ್ನು ಮಾರಲು ಯಾರ ಅನುಮತಿ ಇದೆ ಅಂತ ಬರಹದಲ್ಲಿ ತಿಳಿಸಿ. ಡಬ್ಬಿಯ ಮೇಲೆ ತಯಾರಕರ ಹೆಸರಿಲ್ಲ, ವಿಳಾಸವಿಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಕನ್ನಡ ಬಿಡಿ, ಯಾವ ಭಾಷೆಯಲ್ಲೂ ಬಳಸುವ ವಿಧಾನ ಇಲ್ಲ.

ನಮಗೆ ಬೇಕಾಗಿರುವುದು ಇಷ್ಟು. ಆ ವಸ್ತುವನ್ನು ನಿಮ್ಮ ಆ್ಯಪ್‌ನಿಂದ ತೆಗೆಯಿರಿ. ಅದೊಂದನ್ನೇ ಅಲ್ಲ, ಬೇರೆ ಬೇರೆ ಹೆಸರಲ್ಲಿ ಅದೇ ಕಡ್ಡಿ ಮಾರುತ್ತಿರುವ ಎಲ್ಲರನ್ನೂ. ನಿನ್ನೆ ನೋಡಿದಾಗಲೂ ಫೋಟೋಶೂಟ್ ಸಾಮಾನು, ಬರ್ತ್‌ಡೇ ಸಾಮಾನು ಅಂತ ಹಾಗೇ ಇತ್ತು. ಈಗಾಗಲೇ ಕೊಂಡವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ. ಆಫರ್ ಇದ್ದಾಗ ದಿನಕ್ಕೆ ನಾಲ್ಕು ಮೆಸೇಜ್ ಕಳಿಸುತ್ತೀರಿ. ಅದೇ ನಂಬರ್‌ಗೆ, ಇದನ್ನು ಹಚ್ಚಬೇಡಿ, ಜನರ ನಡುವೆ ತರಬೇಡಿ ಅಂತ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ. ಹುಡುಗನ ಚಿಕಿತ್ಸೆಯ ಪೂರ್ತಿ ಖರ್ಚು, ತಂದೆ ತಾಯಿ ಕಳೆದುಕೊಂಡ ಕೂಲಿ ನೀವು ಮತ್ತು ಮಾರಿದವನು ಸೇರಿ ಕೊಡಬೇಕು. ಮಾರಿದವನು ಯಾರು, ಎಲ್ಲಿಯವನು ಅಂತ ನಮಗೆ ತಿಳಿಸಬೇಕು. ಉಳಿದ ಎರಡು ಕಡ್ಡಿಗಳನ್ನು ಬರಹದಲ್ಲಿ ವಿವರ ಕೊಟ್ಟು ಪೊಲೀಸ್ ಠಾಣೆಗೆ ಒಪ್ಪಿಸುತ್ತೇವೆ, ಕೊರಿಯರ್ ಹುಡುಗನನ್ನು ಕಳಿಸಬೇಡಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯೊಳಗೆ ನೀವು ಒಪ್ಪಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಷ್ಟರಲ್ಲಿ ಸರಿಯಾದ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇವೆ, ಮಡಿಕೇರಿಯಲ್ಲಿ ಗ್ರಾಹಕರ ಆಯೋಗದ ಮುಂದೆಯೂ ಹೋಗುತ್ತೇವೆ. ಬಿಲ್, ಡಬ್ಬಿಯ ಫೋಟೊ, ಆಸ್ಪತ್ರೆಯ ಚೀಟಿ, ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲ ಇದರ ಜೊತೆ ಇಟ್ಟಿದ್ದೇನೆ. ನೂರು ರೂಪಾಯಿ ಕೂಪನ್ ವಾಪಸ್ ತೆಗೆದುಕೊಳ್ಳಿ.

ಇಂತಿ,
ಟೂರ್ನಿ ಸಮಿತಿಯ ಪರವಾಗಿ, ಗ್ಯಾಲರಿ ಉಸ್ತುವಾರಿ ಸದಸ್ಯ
ಸಿದ್ದಾಪುರ ಹತ್ತಿರ, ಕೊಡಗು ಜಿಲ್ಲೆ