ಗೊರಬುಗೊಂದು ಪತ್ರ, ಗೌರಿಹೂವಿನ ನೆಪದಲ್ಲಿ

ಲೋ ಗೊರಬು,

ಬೆಂಗಳೂರಿನ ಬಾಲ್ಕನಿಯಲ್ಲಿ ಗೌರಿಹೂ ಬರುತ್ತಾ ಅಂತ ಕೇಳಿದ್ದೆಯಲ್ಲ. ಬರುತ್ತದೆ. ಹತ್ತಲು ಒಂದು ಕೋಲು ನೆಟ್ಟರೆ ಸಾಕು. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ, ಸಾಗರದ ಕೊನೇ ಬಸ್ಸಿನಲ್ಲಿ ನೀನು ಹಿಡಿದುಕೊಂಡಿದ್ದೆಯಲ್ಲ, ಹಾಗೆ. (ಏನನ್ನು ಅಂತ ಇಲ್ಲಿ ಬರೆಯುವುದಿಲ್ಲ. ನಿನ್ನ ಹೆಂಡತಿಯೂ ಇದನ್ನು ಓದುತ್ತಾರೆ.) ಬುಡದಲ್ಲಿ ನೀರು ನಿಲ್ಲಬಾರದು. ದೀಪಾವಳಿ ಹೊತ್ತಿಗೆ ಬಳ್ಳಿ ಒಣಗಿದರೆ ಸತ್ತಿತು ಅಂತ ಕುಂಡದ ಮಣ್ಣು ಎಸೆಯಬೇಡ. ಗೆಡ್ಡೆ ಒಳಗೆ ಮಲಗಿರುತ್ತದೆ, ಮಳೆ ಬಿದ್ದ ಮೇಲೆ ತಾನೇ ಏಳುತ್ತದೆ. ಪಾಪುವಿನ ಕೈಗೆ ಮಾತ್ರ ಸಿಗಬಾರದು. ಇಡೀ ಗಿಡವೇ ವಿಷ, ಗೆಡ್ಡೆ ಮತ್ತು ಬೀಜ ಇನ್ನೂ ಜಾಸ್ತಿ. ನಿಮ್ಮಪ್ಪ ಗೌಟ್ ಅನ್ನೋ ಕೀಲುನೋವಿಗೆ ನುಂಗುತ್ತಿದ್ದ ಕಾಲ್ಚಿಸಿನ್ ಇದೆಯಲ್ಲ, ಅದೇ ಇದರಲ್ಲೂ ಇರುವುದು.

ನಮ್ಮ ಹಿತ್ತಲಿನದು ಈ ಸಲ ಹೇಗೆ ಹೂ ಬಿಟ್ಟಿತ್ತು ಅಂತ ಫೋಟೋದಲ್ಲಿ ನೋಡಿದೆಯಲ್ಲ. ಮೊಗ್ಗು ಹಸಿರು. ಅರಳುವಾಗ ಹಳದಿ. ಆರು ಎಸಳೂ ಹಿಂದಕ್ಕೆ ಮಡಚಿ ಮೇಲೆದ್ದು, ಎರಡು ಮೂರು ದಿನದಲ್ಲಿ ಕೆಂಪಗೆ ಉರಿಯಲು ಶುರು. ಅಗ್ನಿಶಿಖೆ ಅಂತ ಸುಮ್ನೆ ಕರೆದಿಲ್ಲ. ಕೇಸರಗಳು ಹೂವಿನಿಂದ ದೂರ ಚಾಚಿಕೊಂಡಿರುತ್ತವೆ. ಚಿಟ್ಟೆ ಮಧು ಕುಡಿಯಲು ಬಂದರೆ ಪರಾಗ ಅದರ ರೆಕ್ಕೆಗೆ ಅಂಟುತ್ತದೆ. ಕಾಫಿ ಆರಿಹೋಗುವವರೆಗೆ ಅದನ್ನೇ ನೋಡುತ್ತಾ ಕೂತಿದ್ದೇನೆ. ಮಧು ಹೀರುವ ಪುಟ್ಟ ಹಕ್ಕಿ ಸೂರಕ್ಕಿಯೂ ಬಂತು. ಆಮೇಲೆ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕಿಯ ಹುಳಗಳು ಬಂದು ಅರ್ಧ ಬಳ್ಳಿ ಬೋಳಿಸಿದವು. ಅಣ್ಣ ಔಷಧಿ ಹೊಡಿ ಅಂದ. ನಾನು ಹೊಡೆಯಲಿಲ್ಲ. ‘ಹುಳುವಿಗೂ ಪಾಲಿದೆ’ ಅಂತ ಬರೆದು ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿದೆ. ನೀನೂ ಹೃದಯ ಒತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ‘ಜೆಸಿಬಿ ಬಾಯಿಂದ ಉಳಿಸಿದ ಗೌರಿಹೂ’ ಅಂತ ಮೊದಲ ಸಲ ಹಾಕಿದ್ದೆನಲ್ಲ, ‘ನಿನ್ನಂಥವರಿಂದಲೇ ಮಲೆನಾಡು ಉಳಿದಿದೆ ಕಣೋ’ ಅಂತ ನೀನು ಬರೆದಿದ್ದೆಯಲ್ಲ, ಅದು ಯಾಕೋ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಜೆಸಿಬಿ ಬಂದಿರಲಿಲ್ಲ ಗೊರಬು. ರಸ್ತೆ ಅಗಲ ಮಾಡುತ್ತಾರಂತೆ ಅಂತ ಯಾರೋ ಅಂದಿದ್ದರು, ಅಷ್ಟೇ. ಗೌರಿಹೂ ಬೆಳೆದಿದ್ದ ಆ ಧರೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ, ಇವತ್ತಿಗೂ ಹಾಗೇ ಇದೆ. ತಮಿಳುನಾಡಿನ ದಿಂಡಿಗಲ್ ಕಡೆ ಈ ಬಳ್ಳಿಯನ್ನು ಬೀಜಕ್ಕೆಂದೇ ಹೊಲದಲ್ಲಿ ಬೆಳೆಯುತ್ತಾರೆ. ನಾನೂ ಬೀಜ ತರಿಸಬಹುದಿತ್ತು. ಆದರೆ ಬೀಜದಿಂದ ಹೂ ಕಾಣಲು 3–4 ವರ್ಷ. ನನಗೆ ಮುಂದಿನ ಮಳೆಗೇ ಫೋಟೋ ಬೇಕಿತ್ತು. ಕಳೆದ ವರ್ಷ ಬಳ್ಳಿ ಹಳದಿ ತಿರುಗಿದಾಗ ಹಾರೆ ಹಿಡಿದು ಹೋದೆ. ಹೋಗಿದ್ದು ಕತ್ತಲಾಗುವ ಹೊತ್ತಿಗೆ. ಈ ಹೊತ್ತಿನ ಆಯ್ಕೆಯಲ್ಲೇ ಎಲ್ಲ ಇದೆ, ಅಲ್ವಾ?

ಐದು ಗೆಡ್ಡೆ ಸಿಕ್ಕವು. ನೇಗಿಲಿನ ಹಾಗೆ ಬಾಗಿರುತ್ತವೆ, ಸಂಸ್ಕೃತದಲ್ಲಿ ಲಾಂಗಲಿ ಅನ್ನುವುದು ಅದಕ್ಕೇ. ಮೊಳಕೆ ಬರುವುದು ತುದಿಯಿಂದ ಮಾತ್ರ. ಎರಡರ ತುದಿ ನನ್ನ ಹಾರೆಗೇ ಮುರಿಯಿತು. ಅವು ಮೇಲೇಳಲೇ ಇಲ್ಲ. ಇದನ್ನು ಯಾವ ಪೋಸ್ಟಿನಲ್ಲೂ ಬರೆದಿರಲಿಲ್ಲ.

ಈ ಸಲ ಗೌರಿ ಹಬ್ಬದ ಬೆಳಿಗ್ಗೆ ಮೇಲಿನ ಮನೆ ಅಜ್ಜಿ ಖಾಲಿ ಬುಟ್ಟಿ ಹಿಡಿದು ಬಂದರು. ‘ಅಪ್ಪೀ, ಧರೆ ಮೇಲೆ ಒಂದು ಹೂವೂ ಕಾಣ್ಲಿಲ್ಲ ಕಣಾ. ಬುಡ ಎಲ್ಲ ಎಬ್ಬಿಸಿದ ಹಾಗಿದೆ. ಹಂದಿ ಬಂದಿತ್ತೋ ಏನೋ.’

ನಾನು ಏನಂದೆ ಗೊತ್ತಾ? ‘ಹೌದಜ್ಜಿ, ಹಂದಿ ಕಾಟ ಜಾಸ್ತಿ ಆಗಿದೆ.’

ಹಿತ್ತಲಿಂದ ನಾಲ್ಕು ಹೂ ಕೊಯ್ದು ಕೊಟ್ಟೆ. ‘ಪುಣ್ಯಾತ್ಮ, ನಿನ್ನ ಹತ್ರ ಆದ್ರೂ ಉಳೀತಲ್ಲ’ ಅಂತ ತಲೆ ಮುಟ್ಟಿದರು. ಮದುವೆಯಾಗಿ ಬಂದಾಗಿನಿಂದ ಅವರು ಹಬ್ಬಕ್ಕೆ ಹೂ ಕೊಯ್ಯುತ್ತಿದ್ದುದು ಆ ಧರೆಯಲ್ಲೇ. ಹುಳುವಿಗೆ ಪಾಲು ಇಟ್ಟವನಿಗೆ ಅಜ್ಜಿಯ ಪಾಲು ನೆನಪಾಗಿರಲಿಲ್ಲ. ಆ ಚಿಟ್ಟೆ, ಸೂರಕ್ಕಿಗಳೂ ಅಷ್ಟೇ ಕಣೋ. ಅವು ನನ್ನ ತೋಟಕ್ಕೆ ಹೊಸದಾಗಿ ಬಂದವೋ, ಧರೆಯಲ್ಲಿ ಹೂ ಇಲ್ಲದೆ ಇಲ್ಲಿಗೆ ಬಂದವೋ?

ಸಾಕು. ಇದನ್ನು ನಿನಗೊಬ್ಬನಿಗೇ ಫೋನಿನಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ಹೊಗಳಿಸಿಕೊಂಡಿದ್ದು ಎಲ್ಲರೆದುರು, ಬೈಸಿಕೊಳ್ಳುವುದು ಮಾತ್ರ ಗುಟ್ಟಾಗಿ ಅಂದರೆ ಹೇಗೆ? ಆದರೂ ಹೆಚ್ಚು ಬೈಯಬೇಡಿ ಮಾರಾಯ್ರೇ, ಅಜ್ಜಿಯ ಮೊಮ್ಮಗ ಫೇಸ್‌ಬುಕ್‌ನಲ್ಲಿದ್ದಾನೆ. ಬಳ್ಳಿ ಒಣಗಲಿ, ಗೆಡ್ಡೆಗಳನ್ನು ಮತ್ತೆ ಧರೆಗೇ ಹೂತು ಬರುತ್ತೇನೆ. ಇದಕ್ಕೂ ಕತ್ತಲಾದ ಮೇಲೇ ಹೋಗಬೇಕು. ಟಾರ್ಚ್ ಬೆಳಕು ಕಂಡು ಯಾರಾದರೂ ಹಂದಿ ಅಂತ ಕೋವಿ ತೆಗೆಯದಿದ್ದರೆ ಸಾಕು.

ನಿನ್ನ,
ಕಾಡುಹಂದಿ

ತಾ.ಕ.: ಕಾಯಿ ಒಡೆದ ಮೇಲೆ ಬೀಜ ಕಳಿಸುತ್ತೇನೆ. ಗೆಡ್ಡೆ ಕೇಳಬೇಡ.