ಎಬೆದ್ಮೆಲೆಕನ ಕಥೆ ಬರೆ, ಗೆಳೆಯಾ

ಪ್ರೀತಿಯ ಗೆಳೆಯಾ,

ಬೈಬಲ್ಲಿನಲ್ಲಿ ಯಾರೂ ಅಷ್ಟಾಗಿ ನೆನೆಯದ ಒಬ್ಬರ ಮೇಲೆ ಕಥೆ ಬರೆಯಬೇಕು, ಓದುವ ಹುಡುಗರ ನಂಬಿಕೆಗೆ ಅದು ಆಸರೆಯಾಗಬೇಕು ಅಂದಿದ್ದೆಯಲ್ಲ, ಹಾಗಾದರೆ ಎಬೆದ್ಮೆಲೆಕನನ್ನು ಬಿಡಬೇಡ. ಯೆರೆಮೀಯನ ಗ್ರಂಥದ 38ನೇ ಅಧ್ಯಾಯ ತೆಗೆದು ನಿಧಾನವಾಗಿ ಓದು.

ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಶರಣಾದವರು ಬದುಕುತ್ತಾರೆ ಅಂದದ್ದಕ್ಕೆ ಪ್ರವಾದಿ ಯೆರೆಮೀಯನನ್ನು ಅಧಿಕಾರಿಗಳು ಕೆಸರು ತುಂಬಿದ ಬಾವಿಗೆ ಇಳಿಸಿದ್ದಾರೆ. ಅರಸ ಚಿದ್ಕೀಯ ಅವರೆದುರು ಕೈಚೆಲ್ಲಿದ್ದಾನೆ. ಆಗ ಬರುವವನೇ ಎಬೆದ್ಮೆಲೆಕ, ಅರಮನೆಯ ಸೇವೆಯಲ್ಲಿದ್ದ ಕಂಚುಕಿ, ಈಜಿಪ್ಟಿನ ದಕ್ಷಿಣಕ್ಕಿದ್ದ ಕೂಷ್ ದೇಶದವನು. ನಗರದ ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದ ಅರಸನ ಬಳಿಗೇ ಹೋಗಿ, ಇವರು ಮಾಡಿದ್ದು ಅನ್ಯಾಯ, ಆತ ಹಸಿವಿನಿಂದ ಸಾಯುತ್ತಾನೆ ಅನ್ನುತ್ತಾನೆ. ಅರಸ 30 ಜನರನ್ನು ಕೊಟ್ಟು ಕಳಿಸುತ್ತಾನೆ.

ಆಮೇಲೆ ನೋಡು. ಅವನು ಸೀದಾ ಬಾವಿಗೆ ಹೋಗುವುದಿಲ್ಲ. ಖಜಾನೆಯ ಕೆಳಗಿನ ಕೋಣೆಗೆ ಹೋಗಿ ಹಳೇ ಬಟ್ಟೆ, ಹರಕು ಚಿಂದಿ ಆರಿಸಿ ತರುತ್ತಾನೆ. ಅವನ್ನು ಹಗ್ಗದಿಂದ ಬಾವಿಗೆ ಇಳಿಬಿಟ್ಟು, ಕಂಕುಳಿಗೂ ಹಗ್ಗಕ್ಕೂ ನಡುವೆ ಇಟ್ಟುಕೋ ಅನ್ನುತ್ತಾನೆ. ಕೆಸರಲ್ಲಿ ಹೂತ ಮೈಯನ್ನು ಮೇಲೆಳೆದರೆ ಹಗ್ಗ ಕಂಕುಳನ್ನು ಕೊಯ್ಯುತ್ತದೆ ಅಂತ ಇವನಿಗೆ ಹೇಗೆ ಹೊಳೆಯಿತು? ಹಿಂದೆ ಯಾವಾಗಲಾದರೂ ಹಗ್ಗದ ಉರಿಯನ್ನು ತಾನೇ ಉಂಡಿದ್ದನೇ? ಬೈಬಲ್ ಹೇಳುವುದಿಲ್ಲ. ನಿನ್ನ ಕಲ್ಪನೆಗೆ ಜಾಗ ಇರುವುದು ಅಲ್ಲೇ. ಆ ಕೋಣೆಯಲ್ಲಿ ನಾಲ್ಕು ಪುಟ ನಿಲ್ಲು. ಬಾವಿಯ ಗದ್ದಲವನ್ನು ಒಂದು ಪ್ಯಾರಾದಲ್ಲಿ ಮುಗಿಸಿದರೂ ನಡೆಯುತ್ತದೆ.

ಒಂದು ಮಾತು ಮಾತ್ರ ಕೇಳು. ಅವನ ಬಾಯಲ್ಲಿ ಉದ್ದನೆಯ ಪ್ರಾರ್ಥನೆ ಇಡಬೇಡ. 38ನೇ ಅಧ್ಯಾಯದಲ್ಲಿ ಅವನು ದೇವರ ಹೆಸರನ್ನೇ ಎತ್ತುವುದಿಲ್ಲ. ಅಂಜಿದನೆಂದೂ ಅಲ್ಲಿಲ್ಲ. ಅವನಿಗೆ ಕೆಲವರ ಭಯವಿತ್ತೆಂಬುದು, ಅವನು ದೇವರಲ್ಲಿ ಭರವಸೆ ಇಟ್ಟಿದ್ದನೆಂಬುದು, ಎರಡೂ ನಮಗೆ ತಿಳಿಯುವುದು ಮುಂದಿನ ಅಧ್ಯಾಯದ ಕೊನೆಯಲ್ಲಿ, ಅದೂ ದೇವರ ಮಾತಿನಿಂದಲೇ. ನನಗೆ ಇಡೀ ಕಥೆಯಲ್ಲಿ ಅತಿ ಪ್ರಿಯವಾದದ್ದು ಇದು. ಎದೆಯಲ್ಲಿ ಭಯ ಇಟ್ಟುಕೊಂಡೇ ಚಿಂದಿ ಆರಿಸುತ್ತಿದ್ದವನ ಕೈಗಳನ್ನು ನೀನು ತೋರಿಸಿದರೆ, ನಂಬಿಕೆ ಅಂದರೇನು ಅಂತ ಹುಡುಗರಿಗೆ ಬೇರೆ ವಿವರಿಸಬೇಕಿಲ್ಲ.

ಬಾವಿಯಿಂದ ಮೇಲೆ ಬಂದ ಯೆರೆಮೀಯನಿಗೆ ಬಿಡುಗಡೆಯೇನೂ ಆಗಲಿಲ್ಲ, ಗೊತ್ತಲ್ಲ? ಕಾವಲಿನವರ ಅಂಗಳದಲ್ಲೇ ಸೆರೆಯಲ್ಲಿದ್ದ. ನಗರ ಬಿದ್ದರೂ ನಿನ್ನ ಪ್ರಾಣ ಉಳಿಯುತ್ತದೆ ಎಂಬ ದೇವರ ಮಾತು ಎಬೆದ್ಮೆಲೆಕನಿಗೆ ಬಂದದ್ದು ಆ ಸೆರೆಯಾಳಿನ ಮೂಲಕ. ಅವರಿಬ್ಬರನ್ನು ಅಂಗಳದಲ್ಲಿ ಎದುರುಬದುರು ನಿಲ್ಲಿಸುವ ದೃಶ್ಯವನ್ನು ಮೊದಲು ಬರೆದು ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ