ಆಯೇರಿ ಕತ್ತರಿಸಬೇಡಿ

ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರ ಪತ್ರ ಓದಿದೆ. ಮುರಿದುಬಿದ್ದ ಹೆವಿ ಮೆಟಲ್ ಬ್ಯಾಂಡಿನವರು ತಲೆ ನರೆತ ಮೇಲೆ ಮತ್ತೆ ಕೂಡುತ್ತಾರಂತೆ. ಯಾವುದೋ ಉತ್ಸವದಲ್ಲಿ ಬಾರಿಸುತ್ತಾರಂತೆ. ಅದನ್ನೇ ಲೈವ್ ಆಲ್ಬಂ ಅಂತ ಮಾರುತ್ತಾರಂತೆ. ಹಳೇ ಹಾಡಿಗೆ ಜನರ ಗದ್ದಲ ಸೇರಿಸಿ ಎರಡನೇ ಸಲ ದುಡ್ಡು ಎಣಿಸುವುದು ಅಷ್ಟೇ ಅಂತ ಅವರ ವಾದ. ಮೊದಲು ನಕ್ಕೆ. ಆಮೇಲೆ 'ಜನರ ಗದ್ದಲ' ಅನ್ನುವ ಮಾತಿಗೆ ಸ್ವಲ್ಪ ಸಿಟ್ಟು ಬಂತು.

ನಾನು ಕಲಬುರಗಿಯಲ್ಲಿ 31 ವರ್ಷದಿಂದ ಮೈಕ್‌ಸೆಟ್ ಇಟ್ಟುಕೊಂಡವನು. ಮದುವೆ, ಪುರಾಣ, ಉರುಸು, ಜಾತ್ರೆ, ಚುನಾವಣೆ ಭಾಷಣ, ಎಲ್ಲದಕ್ಕೂ ನನ್ನ ಪೆಟ್ಟಿಗೆಗಳು ಹೋಗುತ್ತವೆ. ಮೆಟಲ್ ನನ್ನ ಸಂಗೀತ ಅಲ್ಲ. ನನ್ನ ಕಿವಿ ಬೆಳೆದದ್ದು ಬಯಲಾಟ, ತತ್ವಪದ, ಮೊಹರಂ ಪದಗಳಲ್ಲಿ. ಮೆಟಲನ್ನು ನನ್ನ ಅಂಗಡಿಗೆ ತಂದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಓದುವಾಗ ಅವನಿಗೆ ಈ ಹುಚ್ಚು ಹತ್ತಿತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಮೆಟಾಲಿಕಾ ಅನ್ನುವ ಮೆಟಲ್ ಬ್ಯಾಂಡ್ ಬಂದಾಗ ಹೋಗಿದ್ದ. ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ದೀಪಾವಳಿ ಮುಗಿದ ಮೇಲೆ ಊರಿಗೆ ಬಂದ. ಅಕ್ಕ ಮೂರು ದಿನ ಕಷಾಯ ಕುಡಿಸಿದಳು.

ಅವನು ಹೋದ ಬೇಸಿಗೆಯಲ್ಲಿ ಪೆನ್‌ಡ್ರೈವ್ ತಂದು, 'ಮಾಮಾ, ನಿಮ್ಮ ದೊಡ್ಡ ಪೆಟ್ಟಿಗೆಗೆ ಇದನ್ನು ಹಚ್ಚಿ' ಅಂದ. ಬ್ಯಾಂಡಿನ ಹೆಸರು ಸಿರಿತ್ ಉಂಗೋಲ್. ಟೋಲ್ಕಿನ್ ಬರೆದ ಕಥೆಯಲ್ಲಿ ದೊಡ್ಡ ಜೇಡ ಕಾದು ಕೂತಿರುವ ಒಂದು ಕಣಿವೆ ದಾರಿಯ ಹೆಸರಂತೆ. ನನ್ನ ಬಾಯಲ್ಲಿ ಅದು 'ಸಿರಿತುಂಗಳ' ಆಗುತ್ತದೆ, ಜೇವರ್ಗಿ ಕಡೆಯ ಯಾವುದೋ ಹಳ್ಳಿಯ ಹಾಗೆ.

ಅವರ ಕಥೆ ಕೇಳಿದ ಮೇಲೆ ನನಗೆ ಬಯಲಾಟದ ಮೇಳಗಳೇ ನೆನಪಾದವು. ಕ್ಯಾಲಿಫೋರ್ನಿಯಾದ ವೆಂಚುರಾ ಎಂಬ ಊರಿನ ಹುಡುಗರು 1970ರ ದಶಕದ ಆರಂಭದಲ್ಲಿ ಕಟ್ಟಿದ ಬ್ಯಾಂಡ್. ಮೊದಲ ಆಲ್ಬಂ 1981ರಲ್ಲಿ, ತಾವೇ ಹೊರತಂದರು. 1982ರಲ್ಲಿ ಅಲ್ಲಿನ ಒಂದು ಕಂಪನಿ ಹೊಸ ಬ್ಯಾಂಡ್‌ಗಳ ಹಾಡು ಕೂಡಿಸಿ ಒಂದು ರೆಕಾರ್ಡ್ ತಟ್ಟೆ ಮಾಡಿತು. ಅದರಲ್ಲಿ ಇವರದೂ ಒಂದು ಹಾಡಿತ್ತು, ಮೆಟಾಲಿಕಾದ ಮೊಟ್ಟಮೊದಲ ಹಾಡೂ ಇತ್ತು. ಒಂದೇ ತಟ್ಟೆಯಲ್ಲಿ ಉಂಡವರು. ಮೆಟಾಲಿಕಾದವರು ಜಗತ್ತು ಸುತ್ತಿ ಬೆಂಗಳೂರಿಗೂ ಬಂದರು. ಇವರು ನಾಲ್ಕು ಆಲ್ಬಂ ಮಾಡಿ 1992ರಲ್ಲಿ ಬಾಗಿಲು ಹಾಕಿದರು. 1998ರಲ್ಲಿ ಗಿಟಾರಿನ ಜೆರಿ ಫೋಗಲ್ ತೀರಿಕೊಂಡ.

ಮತ್ತೆ ಬಾಗಿಲು ತೆಗೆಸಿದವನು ಅದೇ ಊರಿನ ಕಿರಿಯ, ಜಾರ್ವಿಸ್ ಲೆದರ್ಬಿ. ನೈಟ್ ಡೀಮನ್ ಅನ್ನುವ ಬೇರೆ ಬ್ಯಾಂಡಿನವನು. ವೆಂಚುರಾದಲ್ಲೇ ಒಂದು ಮೆಟಲ್ ಉತ್ಸವ ಶುರು ಮಾಡಿ, ಅದಕ್ಕೆ ಇವರ ಮೊದಲ ಆಲ್ಬಂನ ಹೆಸರನ್ನೇ ಇಟ್ಟ. ಇನ್ನು ಹಿರಿಯರು ಮನೆಯಲ್ಲಿ ಕೂತಿರಲು ಆಗುತ್ತದಾ? 2016ರ ಅಕ್ಟೋಬರ್‌ನಲ್ಲಿ ಅದೇ ಉತ್ಸವದಲ್ಲಿ ವೇದಿಕೆ ಹತ್ತಿದರು. ಬೇಸ್ ಗಿಟಾರ್ ಹಿಡಿದವನು ಲೆದರ್ಬಿಯೇ. 2019ರ ಮೇ ತಿಂಗಳಲ್ಲಿ ಗ್ರೀಸ್‌ನ ಅಥೆನ್ಸಿನಲ್ಲಿ 'ಅಪ್ ದಿ ಹ್ಯಾಮರ್ಸ್' ಉತ್ಸವದಲ್ಲಿ ಬಾರಿಸಿದ್ದನ್ನು ಹಿಡಿದು ಅದೇ ನವೆಂಬರ್‌ನಲ್ಲಿ ಲೈವ್ ಆಲ್ಬಂ ತಂದರು. ಹೆಸರು 'ಐಮ್ ಅಲೈವ್'. ಅಂದರೆ, ನಾನಿನ್ನೂ ಬದುಕಿದ್ದೇನೆ. ಹೊಸದಾಗಿ ಹುಡುಕಿದ ಹೆಸರಲ್ಲ, 1981ರ ಆಲ್ಬಂನ ಒಂದು ಹಾಡಿನದು.

ಗಾಯಕ ಟಿಮ್ ಬೇಕರ್ ದನಿ ಎತ್ತಿದ ಕೂಡಲೇ ನಾನು ಎದ್ದು ಹೋಗಿ ಸ್ಪೀಕರಿನ ವೈರ್ ಅಲುಗಾಡಿಸಿದೆ. ಕೋನ್ ಹರಿದಿದೆ ಅಂದುಕೊಂಡೆ. ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮನುಷ್ಯನ ದನಿಯೇ ಹಾಗೆ. ಎತ್ತರ, ಒರಟು, ಗರಗಸ ಎಳೆದ ಹಾಗೆ. ಎರಡನೇ ಹಾಡಿನ ಹೊತ್ತಿಗೆ ನನಗೆ ಗುರುತು ಹತ್ತಿತು. ನಮ್ಮ ಬಯಲಾಟದ ರಾಕ್ಷಸ ಪಾತ್ರಧಾರಿ ಮೈಕ್ ಇಲ್ಲದ ಕಾಲದಲ್ಲಿ ಹೀಗೇ ಕೂಗಿ ಹಾಡುತ್ತಿದ್ದ. ಕಟ್ಟೆಯ ಆಚೆ ಚಕ್ಕಡಿ ಮೇಲೆ ಕೂತವರಿಗೂ ಮುಟ್ಟಬೇಕಲ್ಲ. ಚಂದ ಕೇಳಬೇಕು ಅನ್ನುವ ದನಿ ಅಲ್ಲ ಅದು, ಮುಟ್ಟಬೇಕು ಅನ್ನುವ ದನಿ.

ಈಗ ಗದ್ದಲದ ಮಾತಿಗೆ ಬರುತ್ತೇನೆ. ಇದು ನನ್ನ ಕಸುಬಿನ ವಿಷಯ.

ಉತ್ಸವದಲ್ಲಿ ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತುವ ನಡುವೆ ಸಿಗುವ ಸಮಯ ಬಹಳ ಕಡಿಮೆ. ಪುರುಸೊತ್ತಿನಲ್ಲಿ ಸೌಂಡ್ ಚೆಕ್ ಮಾಡುತ್ತಾ ಕೂರಲು ಆಗುವುದಿಲ್ಲ. ಮೈಕ್ ಒಂದೊಂದೂ ಬರುತ್ತಿದೆಯಾ ಅಂತ ತಟ್ಟಿ ನೋಡಿ ಶುರು. ರೆಕಾರ್ಡ್ ಮಾಡುವುದಾದರೆ ಪ್ರತಿ ಮೈಕಿನ ವೈರನ್ನು ಸ್ಪ್ಲಿಟರಿನಿಂದ ಎರಡಾಗಿ ಒಡೆಯಬೇಕು. ಒಂದು ಜನರ ಕಡೆ ಹೋಗುತ್ತದೆ, ಇನ್ನೊಂದು ರೆಕಾರ್ಡರಿಗೆ. ಆದರೆ ಆ ಮೈಕುಗಳೆಲ್ಲ ವೇದಿಕೆ ಮೇಲಿನವು. ಅವಷ್ಟನ್ನೇ ಕೇಳಿದರೆ ಖಾಲಿ ಕೋಣೆಯಲ್ಲಿ ತಾಲೀಮು ಮಾಡಿದ ಹಾಗಿರುತ್ತದೆ. ಅದಕ್ಕೇ ಜನರ ಕಡೆ ಮುಖ ಮಾಡಿ ಬೇರೆ ಮೈಕ್ ಇಡಬೇಕು. ಅಲ್ಲಿ ಒಂದು ತೊಡಕಿದೆ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 34 ಮೀಟರ್ ದೂರ ಮೈಕ್ ಇಟ್ಟರೆ ಹಾಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಹಾಗೇ ಕೂಡಿಸಿದರೆ ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಜನರ ಮೈಕಿನ ದನಿಯನ್ನು ಆ ಹತ್ತನೇ ಒಂದರಷ್ಟು ಹಿಂದೆ ಸರಿಸಿ ಕೂರಿಸಬೇಕು. (ನಮ್ಮ ಏಪ್ರಿಲ್ ಬಿಸಿಲಲ್ಲಿ ದನಿ ಇನ್ನೂ ಸ್ವಲ್ಪ ಜೋರಾಗಿ ಓಡುತ್ತದೆ. ಕಲಬುರಗಿಯಲ್ಲಿ ಆ ಬಿಸಿಲಿಗೆ ಓಡುವುದು ಅದೊಂದೇ.) ಇಷ್ಟೆಲ್ಲ ಗದ್ದಲ ತುಂಬಲು ಯಾರೂ ಮಾಡುವುದಿಲ್ಲ ಸ್ವಾಮಿ. ಆ ರಾತ್ರಿ ಅಲ್ಲಿ ಯಾರಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಸ್ವಂತ ನಾಡಿನಲ್ಲೇ ಹೆಚ್ಚು ಜನ ಕೇಳದ ಬ್ಯಾಂಡಿನ ಹಾಡನ್ನು ಅಷ್ಟು ದೂರದ ಗ್ರೀಸಿನಲ್ಲಿ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದು ವೇದಿಕೆ ಮೇಲಿನ ಮೈಕಿನಲ್ಲಿ ಸಿಗುತ್ತದಾ?

ಮೋಸ ಮಾಡುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ತಪ್ಪಿದ ಜಾಗವನ್ನೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ಹಾಡಿ, ಲೈವ್ ಅಂತ ಚೀಟಿ ಅಂಟಿಸಿದ ಆಲ್ಬಂಗಳು ರಾಕ್‌ನಲ್ಲಿ ಬೇಕಾದಷ್ಟಿವೆ. ಆ ಮಟ್ಟಿಗೆ ಪತ್ರ ಬರೆದವರ ಮಾತು ಸರಿ.

ನನಗೆ ಇದು ಯಾಕೆ ಇಷ್ಟು ತಟ್ಟಿತು ಅಂದರೆ, ನಮ್ಮ ಊರು ಚಿತ್ತಾಪುರ ತಾಲೂಕಿನದು. 1997ರಲ್ಲಿ ನಮ್ಮೂರ ಬಯಲಾಟವನ್ನು ನಾನೇ ಕ್ಯಾಸೆಟ್ಟಿಗೆ ಹಿಡಿದಿದ್ದೆ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳ್ಳಿ ಮೂಡುವವರೆಗೆ. 90 ನಿಮಿಷದ ಕ್ಯಾಸೆಟ್ ಐದು ಬೇಕಾದವು. ಮುಕ್ಕಾಲು ಗಂಟೆಗೊಮ್ಮೆ ತಿರುವಿ ಹಾಕಬೇಕು. ತಿರುವುವಷ್ಟರಲ್ಲಿ ಎರಡು ನುಡಿ ಹೋಗಿರುತ್ತಿತ್ತು. ಕೆಲ ವರ್ಷದ ಕೆಳಗೆ ಅವನ್ನು ಸಿಡಿ ಮಾಡಿಸೋಣ ಅಂತ ಒಂದು ಸ್ಟುಡಿಯೊಕ್ಕೆ ಕೊಟ್ಟೆ. ಆ ಹುಡುಗ ಪಾಪ ಮುತುವರ್ಜಿಯಿಂದಲೇ ಕೆಲಸ ಮಾಡಿದ. 'ಕಾಕಾ, ಎಲ್ಲಾ ಕ್ಲೀನ್ ಮಾಡೀನಿ' ಅಂದ. ಮನೆಗೆ ಬಂದು ಕೇಳಿದರೆ ಹಾಡು, ಮಾತು ಎಲ್ಲ ಇವೆ. ಆಯೇರಿ ಇಲ್ಲ!

ನಿಮ್ಮ ಕಡೆಯ ಎಳೆಯರಿಗೆ ಗೊತ್ತಿರಲಿಕ್ಕಿಲ್ಲ. ಆಟದ ನಡುವೆ ಯಾರಾದರೂ ಮೆಚ್ಚಿ ದುಡ್ಡು ಕೊಟ್ಟರೆ ಆಟ ನಿಲ್ಲಿಸಿ ಕೂಗುತ್ತಾರೆ. ಇಂಥವರು, ಇಂಥ ಮನೆತನದವರು, ಭೀಮನ ಪಾತ್ರಕ್ಕೆ ಹನ್ನೊಂದು ರೂಪಾಯಿ ಆಯೇರಿ ಮಾಡ್ಯಾರ. ನಮ್ಮೂರಲ್ಲಿ ಅದನ್ನು ಕೂಗುತ್ತಿದ್ದವರು ನಮ್ಮ ಅಪ್ಪ. ಹಾಡಲು ಬಾರದ ಮನುಷ್ಯ. ಆದರೆ ಇಡೀ ಊರಿನ ಹೆಸರು, ಅಡ್ಡಹೆಸರು ಬಾಯಲ್ಲಿತ್ತು. ಅವರ ದನಿ ಬೇರೆ ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ಮೂಲ ಕ್ಯಾಸೆಟ್ ವಾಪಸ್ ಕೊಡು ಅಂತ ಆ ಸ್ಟುಡಿಯೊ ಹುಡುಗನನ್ನು ಕೇಳಿದರೆ, 'ಫಂಗಸ್ ಹಿಡಿದಿದ್ದವು, ಒಗೆದೆ' ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ನಿಮ್ಮ ಪತ್ರದವರಿಗೂ ಒಂದೇ ತಿಳಿವಳಿಕೆ. ಹಾಡು ಬೇರೆ, ಗದ್ದಲ ಬೇರೆ ಅಂತ.

ನಮ್ಮೂರ ಬಯಲಾಟದ ಮೇಳವೂ ಆಮೇಲೆ ನಿಂತಿತ್ತು. ಆಟ ನಡೆಸುವ ಸಾರಥಿ ತೀರಿಕೊಂಡರು, ಹುಡುಗರು ಪುಣೆ, ಮುಂಬೈಗೆ ದುಡಿಯಲು ಹೋದರು. ಎರಡು ವರ್ಷದ ಕೆಳಗೆ ಗೂಡ್ಸ್ ಆಟೊ ಓಡಿಸುವ ಒಬ್ಬ ಹುಡುಗ ಉಳಿದ ನಾಲ್ಕು ಮುದುಕರ ಮನೆ ಮನೆಗೆ ಹೋಗಿ ಮತ್ತೆ ಗೆಜ್ಜೆ ಕಟ್ಟಿಸಿದ. ಮದ್ದಳೆ ಅವನೇ ಬಾರಿಸುತ್ತಾನೆ. ಲೆದರ್ಬಿ ಹೆಸರು ಅವನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ.

ಈ ಯುಗಾದಿ ಆದ ಮೇಲೆ ಅವರ ಆಟ ಇದೆ. ರೆಕಾರ್ಡ್ ಮಾಡುವವನು ನಾನೇ. ಕಟ್ಟೆ ಮೇಲೆ ಆರು ಮೈಕ್, ಬೇವಿನ ಮರಕ್ಕೆ ಎರಡು, ಜನರ ಕಡೆ ಮುಖ ಮಾಡಿ. ಮಗು ಅತ್ತರೆ ಅಳಲಿ, ನಾಯಿ ಬೊಗಳಿದರೆ ಬೊಗಳಲಿ. ಪತ್ರ ಬರೆದ ಮಹನೀಯರು ಬರುವುದಾದರೆ ಸಂತೋಷ. ಮರದ ಕೆಳಗೇ ಕೂರಿಸುತ್ತೇನೆ. ಒಂದು ಹನ್ನೊಂದು ರೂಪಾಯಿ ಜೇಬಲ್ಲಿ ಇಟ್ಟುಕೊಂಡು ಬರಲಿ, ಹೆಸರು ಕೂಗಿಸೋಣ.

ಇಂತಿ,
ಒಬ್ಬ ಮೈಕ್‌ಸೆಟ್‌ನವನು
ಕಲಬುರಗಿ